ಕೆಂಡಕ್ಕೆ ಸುರಿದ ಕಲ್ಲುಪ್ಪು

ಕೆಂಡ ಹಾಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂದು ನಂಬಿದ್ದೆ. ಚಿಕ್ಕಂದಿನಲ್ಲಿ ಅತ್ತೆಯ ಊರಿನಲ್ಲಿ ಎರಡು ಸಲ ಕೊಂಡ ಹಾಯುವುದನ್ನು ನೋಡಿದ್ದೇನೆ. ದೂರದಿಂದ. ಅಷ್ಟು ಸಾಕಲ್ಲ!

ಐರ್ಲೆಂಡಿನ ಡನ್‌ಡಾಕ್‌ನಲ್ಲಿ ನಮ್ಮ ಪಕ್ಕದ ಮನೆಯ ಮಾರಿಯಾ ಬಲ್ಗೇರಿಯಾದವಳು. ಅವಳ ಬಾಣಂತನಕ್ಕೆಂದು ಎಪ್ಪತ್ತು ದಾಟಿದ ತಾಯಿ ಬಂದಿದ್ದರು. ಆಕೆ ವರ್ಷಕ್ಕೊಮ್ಮೆ, ಜೂನ್ ತಿಂಗಳ ಹಬ್ಬದಂದು, ಸಂತರ ಪಟ ಹಿಡಿದು ಬರಿಗಾಲಲ್ಲಿ ಕೆಂಡದ ಮೇಲೆ ಕುಣಿಯುವವರು. ಹದಿನಾರನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಊರಿಗೆ ಹೋಗಲಾಗದೆಂದು ಇಲ್ಲಿನ ಬಲ್ಗೇರಿಯಾದವರೆಲ್ಲ ಸೇರಿ ಒಬ್ಬ ರೈತನ ಹೊಲದಲ್ಲಿ ಏರ್ಪಾಡು ಮಾಡಿದರು. ಏನಾದರೂ ಎಡವಟ್ಟಾದರೆ ಬೆಂಕಿ ಆರಿಸಿಬಿಡುತ್ತೇನೆ ಎಂಬುದೊಂದೇ ರೈತನ ಷರತ್ತು. ನಮಗೂ ಕರೆ ಬಂತು.

"ನೋಡೋಕೆ ಕರ್ದಿದ್ದಾರೆ. ಸುಮ್ನೆ ನೋಡ್ಕೊಂಡು ಬರೋಣ," ಎಂದಳು ಹೆಂಡತಿ ಸುಧಾ.

"ಬರಿಗೈಲಿ ಹೋಗೋಕಾಗುತ್ತಾ? ಕೊಂಡಕ್ಕೆ ಉಪ್ಪು ಸುರೀಬೇಕು. ಅದು ಪದ್ಧತಿ."

"ಪದ್ಧತಿ ನಮ್ದು ರೀ, ಕೊಂಡ ಅವ್ರದ್ದು!"

ಇಂಥ ಸಣ್ಣ ಮಾತುಗಳಿಗೆ ನಾನು ಕಿವಿಗೊಡುವವನಲ್ಲ. ಇಂಡಿಯನ್ ಅಂಗಡಿಯಿಂದ ಎರಡು ಕೇಜಿ ಕಲ್ಲುಪ್ಪು ತಂದೆ.

ಸಂಜೆ ಎಂಟಾದರೂ ಹೊಲದಲ್ಲಿ ಬಿಸಿಲಿತ್ತು. ಒಬ್ಬ ಡೋಲು ಬಡಿದ, ಇನ್ನೊಬ್ಬ ಚರ್ಮದ ಚೀಲ ಕಟ್ಟಿದ ಪೀಪಿ ಊದಿದ. ಕೆಂಡವನ್ನು ದುಂಡಗೆ ಹರಡಿದರು. ಅಜ್ಜಿ ಚಪ್ಪಲಿ ಬಿಟ್ಟು, ಪಟವನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದರು. ಇದೇ ಸುಮುಹೂರ್ತವೆಂದು ನಿರ್ಧರಿಸಿ, ಸಮಸ್ತ ಕನ್ನಡ ನಾಡಿನ ಪರವಾಗಿ ಮುಂದೆ ನುಗ್ಗಿದ ನಾನು ಅಷ್ಟೂ ಉಪ್ಪನ್ನು ಕೆಂಡಕ್ಕೆ ಸುರಿದೆ.

ಚಟಪಟ! ಚಟಚಟ! ಉಪ್ಪು ಸಿಡಿಯಿತು, ಕಿಡಿ ಹಾರಿತು. ಡೋಲಿನವನ ಪ್ಯಾಂಟಿಗೆ ಕಿಡಿ ತಗುಲಿ ಅವನು ಡೋಲು ಬಿಸಾಕಿ ಓಡಿದ. ಪಕ್ಕದ ಹೊಲದ ಕುರಿಗಳು ಅವನಿಗಿಂತ ಮುಂಚೆಯೇ ಓಡಿದ್ದವು. ರೈತ ನೀರಿನ ಪೈಪ್ ಎಳೆದುಕೊಂಡು ಬಂದ.

"ಅಯ್ಯೋ ನಿಲ್ಲಿಸಿ, ಇದು ಪೂಜೆ!" ಎಂದು ಕೂಗಿದೆ.

"ಗ್ರ್ಯಾಂಡ್, ಗ್ರ್ಯಾಂಡ್!" ಎಂದು, ನಾವು 'ಆಯ್ತಾಯ್ತು' ಅನ್ನುವ ಹಾಗೆ, ಅನ್ನುತ್ತಲೇ ಆತ ಕೊನೆಯ ಕೆಂಡದವರೆಗೂ ನೀರು ಹೊಡೆದ.

ಹೊಗೆ ತಿಳಿಯಾದಾಗ ಅಜ್ಜಿ ಪಟ ಹಿಡಿದು ಅಲ್ಲೇ ನಿಂತಿದ್ದರು. ಬರಿಗಾಲು ಕೆಸರಾಗಿತ್ತು. ಮತ್ತೆ ಬೆಂಕಿ ಹಾಕಲು ರೈತ ಸುತರಾಂ ಒಪ್ಪಲಿಲ್ಲ. ಐವತ್ತು ಚಿಲ್ಲರೆ ವರ್ಷಗಳ ವ್ರತ ನನ್ನ ಎರಡು ಕೇಜಿ ಭಕ್ತಿಗೆ ಮುರಿದುಬಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ! ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಐರ್ಲೆಂಡಿನ ಭೂಮಿಗೆ ನಾನು ಬೇಕಿರಲಿಲ್ಲ.

"ಕ್ಷಮೆ ಕೇಳ್ರೀ," ಎಂದು ಸುಧಾ ತಿವಿದಳು.

ಕೈಮುಗಿದೆ. ಅಜ್ಜಿ ನನ್ನನ್ನು ನೋಡಿ, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವರ ಕಣ್ಣು ತುಂಬಿತ್ತು.

"ಏನಂದ್ರು?" ಎಂದು ಮಾರಿಯಾಳನ್ನು ಕೇಳಿದೆ.

"ತನಗಂತೂ ಈ ವರ್ಷ ಆಗ್ಲಿಲ್ವಂತೆ. ಇಷ್ಟೆಲ್ಲಾ ತಿಳ್ಕೊಂಡಿರೋ ನೀವಾದ್ರೂ ಒಂದ್ಸಲ ದಾಟ್ಬೇಕಂತೆ."

ಎದುರಿಗಿದ್ದದ್ದು ಒದ್ದೆ ಬೂದಿ. ಒಂದು ಕಿಡಿಯೂ ಉಳಿದಿರಲಿಲ್ಲ. ಶೂ ಬಿಚ್ಚಿದೆ, ಸಾಕ್ಸ್ ಬಿಚ್ಚಿದೆ, ಪ್ಯಾಂಟು ಮಡಚಿದೆ. ಎಲ್ಲರೂ ನೋಡುತ್ತಿದ್ದರು. ಸಮಸ್ತ ಕನ್ನಡ ನಾಡಿನ ಪ್ರತಿನಿಧಿಯಾದ ನಾನು ಮೆಲ್ಲಗೆ ಬಗ್ಗಿ, ಬಿಸಿಯಿದೆಯೇನೋ ಎಂದು ಮೊದಲು ಕಿರುಬೆರಳಿನಿಂದ ಮುಟ್ಟಿ ನೋಡಿದೆ.