ಕತ್ತಿಗೆ ಬಿದ್ದ ಪಾಠ

ಮೇಷ್ಟ್ರ ಕೆಲಸದ ಡೆಮೋ ಕ್ಲಾಸಿಗೆ ಬರಿಗೈಯಲ್ಲಿ ಹೋಗಬಾರದು ಎಂದು ಬಸವಕಿರಣನಿಗೆ ಅನ್ನಿಸಿದ್ದೇ ತಪ್ಪಾಯಿತು. ಪಾಠ, ಮಧ್ಯಯುಗದ ಯುರೋಪಿನ ಪೇಟೆ ಜೀವನ. ತೂಕದಲ್ಲಿ ಮೋಸ ಮಾಡಿದ ಬ್ರೆಡ್ಡಿನವನ ಕತ್ತು, ಕೈ ಸಿಕ್ಕಿಸಿ ಸಂತೆಯಲ್ಲಿ ನಿಲ್ಲಿಸುತ್ತಿದ್ದರಲ್ಲ, ಆ ಹಲಗೆಯನ್ನು ಪ್ಲೈವುಡ್ಡಿನಲ್ಲಿ ತಾನೇ ಮಾಡಿದ. ಹೊರಡುವ ಮುಂಚೆ ಅಳತೆ ನೋಡೋಣವೆಂದು ಕತ್ತಿಟ್ಟ, ಎರಡೂ ಕೈ ಇಟ್ಟ. ಮೇಲಿನ ಹಲಗೆ ದಬಕ್ಕನೆ ಬಿತ್ತು. ಚಿಲಕ ಕಚ್ಚಿಕೊಂಡಿತು.

ಈ ಕೆಲಸವೂ ತಪ್ಪಿದರೆ ಮಾವನ ಪೇಂಟ್ ಅಂಗಡಿಯೇ ಗತಿ.

"ಓನರ್ ಆಂಟೀ!"

ನರಸಮ್ಮ ಓಡಿ ಬಂದರು. "ಅಯ್ಯೋ, ಏನಪ್ಪಾ ಇದು, ಹರಕೆನಾ?"

"ಪಾಠ ಆಂಟಿ! ಚಿಲಕ ತೆಗೀರಿ!"

ಕೊಬ್ಬರಿ ಎಣ್ಣೆ ಸುರಿದರು. ಎಣ್ಣೆ ಇಳಿದದ್ದು ಅವನ ಹೊಸ ಶರ್ಟಿಗೆ. ಮಹಡಿಯ ಮಹದೇವ್ ಕುಟ್ಟಾಣಿ ತಂದು ಎರಡೇಟು ಹಾಕಿದರು. ಚಿಲಕ ಡೊಂಕಾಯಿತು.

"ಈಗ ಭದ್ರವಾಯ್ತು ನೋಡಿ," ಎಂದರು ಮಹದೇವ್, ತಾವೇ ಬೆರಗಾಗಿ.

ಹಲಗೆ ಆಟೋದೊಳಗೆ ಹಿಡಿಸಲಿಲ್ಲ. ಜೊತೆಗಾರನನ್ನು ಕಳೆದುಕೊಂಡ ಗಾಡಿ ಎತ್ತಿನಂತೆ ಬಸವಕಿರಣ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಓಡಿದ.

"ಏನ್ ಗುರು, ಹೊಸ ಹೆಲ್ಮೆಟ್ಟಾ?" ಎಂದ ಬೈಕಿನವನೊಬ್ಬ.

ಬದನೆಕಾಯಿ ಕೊಳ್ಳುತ್ತಿದ್ದ ಹೆಂಗಸೊಬ್ಬಳು ಅಡ್ಡಗಟ್ಟಿ ಇದೇನೆಂದು ಕೇಳಿದಳು. ಪಾಠದ ಹುಮ್ಮಸ್ಸು, ನಿಂತು ವಿವರಿಸಿಬಿಟ್ಟ. ಆಕೆ ಕಣ್ಣರಳಿಸಿ ತರಕಾರಿಯವನತ್ತ ತಿರುಗಿದಳು.

"ಬೆಟ್ಟಯ್ಯಣ್ಣ, ನಿನ್ ಕತ್ತಿನ ಸೈಜ್ ಎಷ್ಟಣ್ಣ?"

ತಕ್ಕಡಿ ಕೆಳಗಿಟ್ಟು ಬೆಟ್ಟಯ್ಯ ಒಂದು ಕೊಳೆತ ಟೊಮೆಟೊ ಆರಿಸಿದ. ಬಸವಕಿರಣ ಮತ್ತೆ ಓಡಿದ.

ಆದರೆ ಕ್ಲಾಸಿನಲ್ಲಿ ಮಕ್ಕಳು ಉಸಿರು ಬಿಡದೆ ಕೇಳಿದರು. ಹಿಂದೆ ಕೂತಿದ್ದ ಪ್ರಿನ್ಸಿಪಾಲ್ ಸೋಮಲಿಂಗಪ್ಪ ಚಪ್ಪಾಳೆ ತಟ್ಟಿದರು. ಅಟೆಂಡರ್ ಸೀನ ಇಕ್ಕಳ ತಂದು ಚಿಲಕ ಮೀಟಿ ಬಿಡಿಸಿದ.

"ಇನ್ಮೇಲೆ ನೀವೇ ಕಣ್ರೀ ನಮ್ ಹಿಸ್ಟರಿ ಮೇಷ್ಟ್ರು. ಬನ್ನಿ, ಆರ್ಡರ್‌ಗೆ ಸೈನ್ ಹಾಕ್ತೀನಿ. ಒಂದ್ನಿಮಿಷ, ಒಳಗೆ ಹೆಂಗಿರತ್ತೆ, ನಾನೂ ನೋಡ್ತೀನಿ," ಎಂದು ಪ್ರಿನ್ಸಿಪಾಲ್ ಹಲಗೆಗೆ ಬಗ್ಗಿದರು.

"ಬೇಡ ಸಾರ್—"

ಟಕ್.

ಸೀನ ಇಕ್ಕಳ ಹಾಕಿ ಎಳೆದ. ಚಿಲಕದ ಹಿಡಿಯೇ ಮುರಿದು ಕೈಗೆ ಬಂತು. ಸರಿಯಾಗಿ ಆಗಲೇ ಶಾಲೆಯ ಸೆಕ್ರೆಟರಿ ಗುರುಬಸಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು.

"ಏನ್ರೀ ಸೋಮಲಿಂಗಪ್ಪ, ಏನಿದು ಅವತಾರ?"

ಮುಂದಿನ ಬೆಂಚಿನ ಧನ್ಯಶ್ರೀ ಚಟ್ಟನೆ ಎದ್ದು ನಿಂತಳು. "ಸಾರ್, ಮೋಸ ಮಾಡಿದೋರನ್ನ ಹಿಂಗೇ ನಿಲ್ಲಿಸೋದು ಸಾರ್. ನಮ್ ಹೊಸ ಮೇಷ್ಟ್ರು ಹೇಳ್ಕೊಟ್ರು."

ಹಲಗೆಯೊಳಗಿಂದ ಸೋಮಲಿಂಗಪ್ಪನವರ ಧ್ವನಿ ಬಂತು:

"ಯಾವ ಹೊಸ ಮೇಷ್ಟ್ರು?"