ವೊಯಿನ್‌ನ ಕಂಕುಳ ವಿಜ್ಞಾನ

"ಇವತ್ತಿಂದ ಈ ದೇಹದ ಮೇಲೆ ನನ್ನದೇ ಆಳ್ವಿಕೆ!" ಎಂದು ಸೊಂಬೋರ್ ಪಟ್ಟಣದ ಕ್ಷೌರಿಕ ವೊಯಿನ್ ಬೆಳಗಿನ ಕಾಫಿ ಕುಡಿಯುತ್ತ ಘೋಷಿಸಿದ.

ಹೆಂಡತಿ ಸ್ಮಿಲ್ಯಾ ತಲೆಯೆತ್ತಲಿಲ್ಲ. "ಮೊದಲು ಲೋಟ ತೊಳಿ, ಮಹಾಪ್ರಭು."

ಮಧ್ಯಾಹ್ನವಾಯಿತೆಂದರೆ ವೊಯಿನ್‌ಗೆ ತೂಕಡಿಕೆ. ಗಿರಾಕಿಯೊಬ್ಬ ಗುಟ್ಟು ಹೇಳಿಕೊಟ್ಟಿದ್ದ: ಮೈಶಾಖ ಸದಾ ಕಮ್ಮಿಯಿದ್ದರೆ ಥೈರಾಯ್ಡ್ ಮಂಕಾಗಿದೆ, ಏರಿಳಿದರೆ ಅಡ್ರಿನಲ್ ಗ್ರಂಥಿ ದಣಿದಿದೆ. ಡಾಕ್ಟರೂ ಬೇಡ, ಸೂಜಿಯೂ ಬೇಡ!

ಥರ್ಮಾಮೀಟರ್ ಅವನ ಎಡಗಂಕುಳಲ್ಲಿ ಬಿಡಾರ ಹೂಡಿತು. ಅಂಗಡಿಯಲ್ಲೂ ಎಡಗೈ ಪಕ್ಕೆ ಬಿಡಲೊಲ್ಲದು. ಒಂದೇ ಕೈಯಲ್ಲಿ ಅಂಚೆ ಮಾಸ್ತರರ ಮೀಸೆ ತಿದ್ದಲು ಹೋದ, ಬಲಭಾಗ ಗಿಡ್ಡವಾಯಿತು. ಸರಿದೂಗಿಸಲು ಎಡಭಾಗ ಕತ್ತರಿಸಿದ. ಕೊನೆಗೆ ಸಮವಾಯಿತು ನಿಜ, ಮೀಸೆ ಮಾತ್ರ ಉಳಿಯಲಿಲ್ಲ!

ಸಂಜೆ ಅಡುಗೆಮನೆಗೆ ಬಂದವನೇ ಕೈ ಬೀಸಿ ಬೀಸಿ ಗೋಳಾಡಿದ. "ಮೂವತ್ತೇಳರ ಹತ್ತಿರ ಇರಬೇಕಾದ ಡಿಗ್ರಿ ಬೆಳಗ್ಗೆ ಮೂವತ್ತನಾಲ್ಕು, ಅಂಗಡೀಲಿ ಮೂವತ್ತಾರೂವರೆ, ಈಗ ಮೂವತ್ತೈದು! ಎರಡೂ ಗ್ರಂಥಿ ಹೋದವು ಕಣೇ!"

"ಮಾತಿಗೊಂದ್ಸಲ ರೆಕ್ಕೆ ಬಡೀತೀಯ. ಕಂಕುಳೊಳಗೆ ಗಾಳಿ ಆಡುತ್ತೆ, ಅಷ್ಟೇ."

"ಹಾಗಾ? ನೀನು ಗುಂಡುಕಲ್ಲಿನ ಹಾಗಿದ್ದೀಯ. ನೀನು ಇಟ್ಕೋ, ವ್ಯತ್ಯಾಸ ನೋಡೋಣ."

ಸ್ಮಿಲ್ಯಾ ಅಲುಗಾಡದೆ ಕುಳಿತಳು. ಮೂವತ್ತೈದು.

"ಥರ್ಮಾಮೀಟರೇ ಕೆಟ್ಟಿದೆ!" ಎಂದು ವೊಯಿನ್ ಪಕ್ಕದ ಮನೆಯಿಂದ ಇನ್ನೊಂದು ತಂದ. ಈ ಸಲ ತಾನೂ ತೆಪ್ಪಗೆ ಕೂತ. ಅವನದು ಮೂವತ್ತಾರೂವರೆ ದಾಟಿತು. ಅವಳದು ಮತ್ತೆ ಮೂವತ್ತೈದು.

ಆಗ ಅವನು ಹೆಂಡತಿಯನ್ನು ಸರಿಯಾಗಿ ನೋಡಿದ. ಜೂನ್ ಸೆಕೆಯಲ್ಲಿ ಉಣ್ಣೆ ಶಾಲು. ಊದಿಕೊಂಡ ಕಣ್ಣು. ದಪ್ಪಗಾದ ದನಿ.

"ಯಾವಾಗಿಂದ ಹೀಗೆ?"

"ಚಳಿಗಾಲದಿಂದ. ಮೆಟ್ಟಿಲು ಹತ್ತೋಕೂ ಸುಸ್ತು."

"ಹೇಳಬಾರದಿತ್ತಾ?"

"ಹೇಳಿದ್ದೆ. ನೀನು ಆಕಳಿಸಿದೆ."

ವೊಯಿನ್‌ಗೆ ಆ ರಾತ್ರಿ ಊಟ ಸೇರಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮ ಇಬ್ಬರ ಮಾತನ್ನೂ ಕೇಳಿದರು. "ಥರ್ಮಾಮೀಟರ್ ಗ್ರಂಥಿಯ ಜಾತಕ ಹೇಳಲ್ಲ. ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ," ಎಂದರು. ಸೂಜಿ ಕಂಡದ್ದೇ ವೊಯಿನ್ ಬಿಳಿಚಿಕೊಂಡ. ಸ್ಮಿಲ್ಯಾ ಅವನ ಕೈ ಹಿಡಿದುಕೊಳ್ಳಬೇಕಾಯಿತು.

ಫಲಿತಾಂಶ ಬಂತು. ವೊಯಿನ್‌ದು ಎಲ್ಲ ಸರಿಯಿತ್ತು; ಸ್ಮಿಲ್ಯಾಳ ಥೈರಾಯ್ಡ್ ನಿಜಕ್ಕೂ ಮಂಕಾಗಿತ್ತು. ಮಾತ್ರೆಯಿಂದ ಸರಿಹೋಗುತ್ತದೆಂದು ಡಾಕ್ಟರಮ್ಮ ಧೈರ್ಯ ಹೇಳಿದಾಗಲೇ ವೊಯಿನ್ ಉಸಿರು ಬಿಟ್ಟದ್ದು.

"ಮತ್ತೆ ನನ್ನ ತೂಕಡಿಕೆ?"

"ಮಧ್ಯಾಹ್ನ ಏನು ತಿಂತೀರಿ?"

"ಹೆಚ್ಚೇನಿಲ್ಲ. ಎರಡು ತಟ್ಟೆ ಬೇಯಿಸಿದ ಬೀನ್ಸ್, ಒಂದಿಷ್ಟು ಸಾಸೇಜ್, ಅರ್ಧ ಬ್ರೆಡ್ಡು, ಒಂದು ಲೋಟ ವೈನು..."

"ಅಷ್ಟು ತಿಂದೂ ನಿದ್ದೆ ಬರದಿದ್ರೆ ಅದು ಕಾಯಿಲೆ!"

ವೊಯಿನ್ ಪೆಚ್ಚಾದ. ಆದರೂ ಬರಿಗೈಯಲ್ಲಿ ಏಳಲು ಮನಸ್ಸಾಗಲಿಲ್ಲ. "ಅವಳಿಗೆ ಮಾತ್ರೆ ಬರೆದ್ರಿ. ನನಗೇನೂ ಇಲ್ವಾ?"

"ಇದೆಯಲ್ಲ! ದಿನಾ ಬೆಳಗ್ಗೆ, ಖಾಲಿ ಹೊಟ್ಟೇಲಿ, ತಪ್ಪದೆ..."

"ಹೇಳಿ, ಹೇಳಿ!"

"ಅವರಿಗಿಂತ ಮೊದಲೇ ಎದ್ದು ಮಾತ್ರೆ, ನೀರು ತಂದುಕೊಡೋದು. ಅರ್ಧ ಗಂಟೆ ಬಿಟ್ಟು, ಕಾಫಿ ಮಾಡೋದು."

"ಎಷ್ಟು ದಿನ, ಡಾಕ್ಟರೇ?"

"ಬಹುಶಃ ಜೀವನಪೂರ್ತಿ," ಎಂದರು ಡಾಕ್ಟರಮ್ಮ.

ಸ್ಮಿಲ್ಯಾ ಬಹಳ ದಿನಗಳ ನಂತರ ಜೋರಾಗಿ ನಕ್ಕಳು.