ಹನ್ನೊಂದು ಗಂಟೆಯ ಬಸ್ಸು

ಸಂಘ ಕಟ್ಟುವ ಚಪಲ ಗಂಡಸರಿಗೆ ಹುಟ್ಟಿನಿಂದಲೇ ಬರುತ್ತದೆಂದು ನನ್ನ ಬಹಳ ದಿನಗಳ ಅನುಮಾನ. ಎರಡು ಮನೆಗಳ ನಡುವೆ ಒಂದು ಬೇಲಿ ಎದ್ದರೆ ಸಾಕು, ಆ ಬೇಲಿಗೊಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಅದರ ಮೇಲೆ ಹಬ್ಬಿದ ಕುಂಬಳದ ಬಳ್ಳಿಗೊಂದು ಉಪಸಮಿತಿ ಆಗಲೇಬೇಕು. ಹೆಂಗಸರು ಹಾಗಲ್ಲ. ಬೇಲಿಯ ಆಚೆಯಿಂದ ಈಚೆಗೆ ಒಂದು ಬಟ್ಟಲು ಹುಳಿ ದಾಟಿಸಿ ವ್ಯವಹಾರ ಮುಗಿಸಿಬಿಡುತ್ತಾರೆ. ನಡಾವಳಿ ಬರೆಯುವುದಿಲ್ಲ, ವಂದನಾರ್ಪಣೆ ಮಾಡುವುದಿಲ್ಲ. ಅದಕ್ಕೇ ನೋಡಿ, ಅವರು ಮಾಡಿದ ಕೆಲಸಕ್ಕೆ ಲೋಕದಲ್ಲಿ ದಾಖಲೆ ಇಲ್ಲ. ನಾವು ಮಾಡದೆ ಬಿಟ್ಟ ಕೆಲಸಗಳಿಗೆಲ್ಲ ಅಚ್ಚುಕಟ್ಟಾದ ದಾಖಲೆಗಳಿವೆ.

ನಾವು ಜಯನಗರದಲ್ಲಿ ಮನೆ ಕಟ್ಟಿಕೊಂಡು ಬಂದಾಗ ಅದು ಹೆಸರಿಗೆ ಮಾತ್ರ ನಗರ. ರಸ್ತೆಗಳಿಗೆ ನಂಬರು ಬಂದಿತ್ತು, ರಸ್ತೆಗಳು ಇನ್ನೂ ಬಂದಿರಲಿಲ್ಲ. ಬಸವನಗುಡಿಯ ನೆಂಟರು ನಮ್ಮನ್ನು ಕಂಡಾಗ, ವನವಾಸಕ್ಕೆ ಹೋದವರನ್ನು ವಿಚಾರಿಸುವ ದನಿಯಲ್ಲಿ “ಅಲ್ಲಿ ತರಕಾರಿ ಗಿರಕಾರಿ ಸಿಗುತ್ತಾ?” ಎಂದು ಕೇಳುತ್ತಿದ್ದರು. ಅಂಥ ಕಡೆ ಸಂಘವಿಲ್ಲದೆ ನಡೆಯುತ್ತದೆಯೇ? ಮನೆ ಕಟ್ಟಿದವರೆಲ್ಲ ಸೇರಿ ಒಂದು ಬಡಾವಣೆಯ ಸಂಘ ಮಾಡಿಕೊಂಡೆವು. ಎದುರುಮನೆಯ ನರಸಿಂಗರಾಯರು ಅಧ್ಯಕ್ಷರು. ಅಮಲ್ದಾರರಾಗಿ ನಿವೃತ್ತರಾದವರು, ನಿವೃತ್ತಿ ಕೆಲಸಕ್ಕಾಗಿತ್ತೇ ಹೊರತು ದನಿಗಲ್ಲ. ನಾನು ಕಾರ್ಯದರ್ಶಿ. ನನ್ನ ಕೈಬರಹ ದುಂಡಗಿದೆಯೆಂದು ನನ್ನನ್ನು ಆರಿಸಿದರೆಂದು ನಾನು ನಂಬಿದ್ದೆ. ನಮ್ಮ ಮನೆಯ ಹಜಾರ ದೊಡ್ಡದು, ನನ್ನ ಹೆಂಡತಿ ಜಾನಕಿಯ ಕೈಯ ಕಾಫಿ ಒಳ್ಳೆಯದು, ಅದಕ್ಕೇ ಆರಿಸಿದ್ದೆಂದು ಜಾನಕಿ ನಂಬಿದ್ದಳು. ಸಭೆಗೆ ಬಂದವರು ನನ್ನ ಕೈಬರಹವನ್ನು ಹೊಗಳಿದ್ದು ನಾನಂತೂ ಕೇಳಿಲ್ಲ.

ಆಗ ನಮ್ಮ ಬಡಾವಣೆಗೆ ಬಸ್ಸು ಬರುತ್ತಿದ್ದುದು ಬೆಳಿಗ್ಗೆ ಕಚೇರಿಯ ಹೊತ್ತಿಗೆ, ಮತ್ತೆ ಸಂಜೆ ಕಚೇರಿ ಬಿಟ್ಟ ಮೇಲೆ. ನಡುವೆ ಬಸ್ಸಿನ ಸದ್ದೇ ಇಲ್ಲ. ನಮ್ಮ ಸಂಘದ ಅರ್ಜಿಗಳ ಕಾಟ ತಡೆಯಲಾರದೆಯೋ ಏನೋ, ಬಸ್ಸಿನ ಕಚೇರಿಯವರು ಇನ್ನೊಂದು ಬಸ್ಸು ಬಿಡಲು ಒಪ್ಪಿ, ಯಾವ ಹೊತ್ತಿಗೆ ಬೇಕು ತಿಳಿಸಿ ಎಂದರು. ಮುಂದಿನ ಭಾನುವಾರದ ಸಭೆ ಅದಕ್ಕಾಗಿಯೇ ಸೇರಿತು. ರಾಯರು ರಾತ್ರಿ ಒಂಬತ್ತಕ್ಕೆ ಬೇಕೆಂದರು. ಮಲ್ಲೇಶ್ವರದ ಗೆಳೆಯರ ಮನೆಯಲ್ಲಿ ಇಸ್ಪೀಟು ಮುಗಿಸಿ ಬರುವುದಕ್ಕೆ ಅದು ಅನುಕೂಲ. ಅವರು ಅದನ್ನು “ನಾಗರಿಕ ಜೀವನಕ್ಕೆ ಅತ್ಯಗತ್ಯ” ಎಂದು ವರ್ಣಿಸಿದರು. ನಾನು ನಡಾವಳಿಯಲ್ಲಿ ಹಾಗೆಯೇ ಬರೆದುಕೊಂಡೆ.

ಆಗ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಾನಕಿ, “ಹನ್ನೊಂದು ಗಂಟೆಗೆ ಒಂದು ಬಸ್ಸು ಬಂದ್ರೆ ಚೆನ್ನಾಗಿತ್ತು” ಎಂದಳು.

ಗೋಡೆಯ ಗಡಿಯಾರ ಇದ್ದಕ್ಕಿದ್ದಂತೆ ಅಭಿಪ್ರಾಯ ಹೇಳಿದ್ದರೆ ನಾವು ಹೇಗೆ ತಿರುಗಿ ನೋಡುತ್ತಿದ್ದೆವೋ ಹಾಗೆ ಎಲ್ಲರೂ ತಿರುಗಿ ನೋಡಿದೆವು. ರಾಯರು ವಾತ್ಸಲ್ಯದಿಂದ ನಕ್ಕು, “ಹನ್ನೊಂದು ಗಂಟೆಗೆ ಬಡಾವಣೇಲಿ ಯಾರಮ್ಮ ಇರ್ತಾರೆ? ಎಲ್ರೂ ಆಫೀಸಿಗೆ ಹೋಗಿರ್ತಾರೆ” ಎಂದರು. ಕಾರ್ಯದರ್ಶಿಯಾದ ನಾನು ಅಧ್ಯಕ್ಷರನ್ನು ಅನುಮೋದಿಸುವುದು ಕರ್ತವ್ಯವೆಂದುಕೊಂಡು, “ಹೌದು, ಆ ಹೊತ್ತಲ್ಲಿ ಯಾರೂ ಇರೋಲ್ಲ” ಎಂದೆ. ಇದರಲ್ಲಿ ಸ್ವಾರಸ್ಯವೇನೆಂದರೆ, ನಿವೃತ್ತರಾದ ರಾಯರು ಆ ಹೊತ್ತಿಗೆ ದಿನವೂ ತಮ್ಮ ಮನೆಯಲ್ಲೇ ಇರುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಊಟ ಮುಗಿಸಿ ಮಲಗಿದರೆ ಏಳುತ್ತಿದ್ದುದು ಮಧ್ಯಾಹ್ನದ ಕಾಫಿಗೇ. ಜಾನಕಿ ನನ್ನ ಮುಂದೆ ಲೋಟವನ್ನು ಇಟ್ಟಳು. ಅದನ್ನು ಇಟ್ಟ ಸದ್ದು ಕೇಳಿ ಪಕ್ಕದಲ್ಲಿ ಕೂತವರು ತಮ್ಮ ಲೋಟವನ್ನು ಸ್ವಲ್ಪ ದೂರ ಸರಿಸಿಕೊಂಡರು.

ಸಭೆ ಮುಗಿದ ಮೇಲೆ ಅವಳು ಕೇಳಿದಳು: “ಅಲ್ಲಾರೀ, ಹನ್ನೊಂದು ಗಂಟೆಗೆ ಇಲ್ಲಿ ಯಾರೂ ಇರೋಲ್ಲ ಅಂದ್ರಲ್ಲ, ನಾವೆಲ್ಲ ಎಲ್ಲಿಗೆ ಹೋಗಿರ್ತೀವಿ ಅಂದ್ಕೊಂಡಿದೀರಿ?”

“ನಾನು ಹಾಗಲ್ಲ ಹೇಳಿದ್ದು. ಬಸ್ಸಿಗೆ ಹೋಗೋರು ಯಾರೂ ಇರೋಲ್ಲ ಅಂದೆ.”

“ಬಸ್ಸೇ ಇಲ್ಲದಿದ್ರೆ ಬಸ್ಸಿಗೆ ಹೋಗೋರು ಎಲ್ಲಿಂದ ಬರ್ತಾರೆ? ನಮಗೆ ಪುರುಸೊತ್ತಾಗೋದೇ ನಿಮ್ಮನ್ನೆಲ್ಲ ಕಳಿಸಿದ ಮೇಲೆ. ಆಗ ಡಾಕ್ಟರ ಹತ್ರ ಹೋಗ್ಬೇಕಾದ್ರೂ, ಸಾಮಾನು ತರಬೇಕಾದ್ರೂ, ಅಮ್ಮನ್ನ ನೋಡ್ಕೊಂಡು ಬರಬೇಕಾದ್ರೂ ಬಸವನಗುಡಿಗೆ ನಡ್ಕೊಂಡೇ ಹೋಗ್ಬೇಕು. ಪಕ್ಕದ್ಮನೆ ಪದ್ಮನ ಮಗೂಗೆ ಹೋದ ತಿಂಗಳು ಕೆಂಡದಂಥ ಜ್ವರ. ಬಿಸಿಲಲ್ಲಿ ನಾನು ಒಂದಷ್ಟು ದೂರ, ಅವಳು ಒಂದಷ್ಟು ದೂರ, ಎತ್ಕೊಂಡು ಓಡಿದ್ವಿ.”

“ನನಗೆ ಹೇಳಲೇ ಇಲ್ವಲ್ಲ!”

“ನೀವು ಬರೋ ಹೊತ್ತಿಗೆ ಜ್ವರ ಇಳಿದಿತ್ತು” ಎಂದಳು ಜಾನಕಿ.

ಸಂಜೆ ನಾನು ಮನೆಗೆ ಬಂದಾಗ ಎಲ್ಲ ಅಚ್ಚುಕಟ್ಟಾಗಿರುತ್ತಿತ್ತು. ಹಗಲಿಡೀ ಹಾಗೆಯೇ ಇದ್ದಿರಬೇಕೆಂದು ನಾನು ಭಾವಿಸಿದ್ದೆ. ಮುಂದಿನ ಸಭೆಯಲ್ಲಿ ನೀನೇ ಬಂದು ಹೇಳು ಅನ್ನೋಣವೆಂದರೆ ಸಂಘದ ನಿಯಮ ಅಡ್ಡ ಬಂತು. ಮನೆಯ ಯಜಮಾನನಾದವನು ಮಾತ್ರ ಸದಸ್ಯ. ಆ ನಿಯಮವನ್ನು ದುಂಡಗಿನ ಅಕ್ಷರದಲ್ಲಿ ಬರೆದವನು ನಾನೇ. “ದೇಶದ ಚುನಾವಣೇಲಿ ನಾನು ಓಟು ಹಾಕಿದೀನಿ. ದೆಹಲಿಯಲ್ಲಿ ಯಾರು ಕೂತ್ಕೋಬೇಕು ಅಂತ ನನ್ನನ್ನ ಕೇಳ್ತಾರೆ. ನಮ್ಮ ಬೀದಿಗೆ ಬಸ್ಸು ಎಷ್ಟೊತ್ತಿಗೆ ಬರಬೇಕು ಅಂತ ಮಾತ್ರ ಕೇಳಬಾರದು, ಅಲ್ವೇ?” ಎಂದಳು. ದೆಹಲಿಯ ವಿಷಯ ಬೇರೆ, ಜಯನಗರದ ವಿಷಯ ಬೇರೆ ಎಂದು ವಾದಿಸಬಹುದಿತ್ತು. ಆದರೆ ನನಗೆ ಆಗಿನ್ನೂ ಊಟ ಆಗಿರಲಿಲ್ಲ.

ಆ ವಾರವೇ ಒಂದು ಸಂಜೆ ಊಟಕ್ಕೆ ಕೂತಾಗ ಅವಳು, “ಇವತ್ತು ನಾನೂ ಪದ್ಮಾನೂ ಬಸ್ಸಿನ ಆಫೀಸಿಗೆ ಹೋಗಿದ್ವಿ” ಎಂದಳು, ಸಾರಿಗೆ ಉಪ್ಪು ಸಾಕೇ ಎಂದು ಕೇಳುವಷ್ಟೇ ಸಲೀಸಾಗಿ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಅಲ್ಲಿ ಒಂದು ಮೇಜಿನ ಮುಂದೆ ನಿಂತರೆ “ಯಜಮಾನರು ಬಂದಿಲ್ವೇನಮ್ಮಾ?” ಎಂದರಂತೆ. ಇನ್ನೊಂದು ಮೇಜಿಗೆ ಹೋದರೆ ಅಲ್ಲೂ ಅದೇ ಪ್ರಶ್ನೆ. ಕೊನೆಗೆ ಸಮಯಗಳನ್ನು ಗೊತ್ತುಮಾಡುವ ಇನ್ಸ್‌ಪೆಕ್ಟರು ಸಿಕ್ಕರಂತೆ. ಅವರು ಸಾಧು ಮನುಷ್ಯ. “ಹನ್ನೊಂದು ಗಂಟೆಗೆ ಯಾರೂ ಇರೋಲ್ಲ ಅಂತ ನಿಮ್ಮ ಸಂಘದ ಸೆಕ್ರೆಟರಿಯವರು ಕಾಗದ ಬರೆದಿದಾರಲ್ಲಮ್ಮ?” ಎಂದು ಕೇಳಿದರಂತೆ.

“ನೀನೇನು ಹೇಳಿದೆ?” ನನ್ನ ದನಿ ಸ್ವಲ್ಪ ಸಣ್ಣಗಾಗಿತ್ತು.

“ಅವರು ಹೇಳಿದ್ದು ಸರಿ ಸಾರ್, ಅವರು ಆ ಹೊತ್ತಲ್ಲಿ ಇರೋಲ್ಲ ಅಂದೆ. ಇನ್ಸ್‌ಪೆಕ್ಟರಿಗೆ ನಗು ಬಂತು. ಬುಧವಾರ ಹನ್ನೊಂದು ಗಂಟೆಗೆ ಖುದ್ದಾಗಿ ಬಂದು ನೋಡ್ತೀನಿ ಅಂದ್ರು. ಇನ್ನೊಂದು ಚೂರು ಅನ್ನ ಹಾಕ್ಲೇ?”

ಇನ್ಸ್‌ಪೆಕ್ಟರು ಬರುತ್ತಾರೆಂದ ಮೇಲೆ ಸಂಘದ ಪರವಾಗಿ ಯಾರಾದರೂ ಇರಬೇಕಲ್ಲ. ನಾನು ಬುಧವಾರ ರಜೆ ಹಾಕಿದೆ. ಹಿಂದಿನ ದಿನ ಜಾನಕಿಗೆ ಉಪಾಯವನ್ನೂ ಹೇಳಿಕೊಟ್ಟೆ: ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಸ್ಟಾಪಿನ ಹತ್ತಿರ ಸಾಲಾಗಿ ನಿಂತುಬಿಡಿ, ಕೆಲಸ ಸುಲಭವಾಗುತ್ತದೆ. ಅವಳು ಒಪ್ಪಲಿಲ್ಲ. “ನಾಟಕ ಯಾಕೆ? ದಿನಾ ಹೇಗಿರ್ತೀವೋ ಹಾಗೇ ಇರ್ತೀವಿ” ಎಂದಳು. ಆ ದಿನ ಹತ್ತು ಗಂಟೆಗೆ ರಾಯರು ನಿದ್ದೆಯನ್ನು ತ್ಯಾಗ ಮಾಡಿ, ಜರಿಪೇಟ ಕಟ್ಟಿ, ಕೊಡೆ ಹಿಡಿದು, ಸ್ಟಾಪಿನ ಪಕ್ಕದ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಪಕ್ಕದಲ್ಲಿ ನಿಂತೆ. ಇನ್ಸ್‌ಪೆಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಸೈಕಲ್ಲಿನಲ್ಲಿ ಬಂದಿಳಿದರು.

ಮನೆ ಕಟ್ಟಿಕೊಂಡು ಬಂದು ಅಷ್ಟು ದಿನಗಳಾಗಿದ್ದರೂ, ಕೆಲಸದ ದಿನ ಆ ಹೊತ್ತಿನಲ್ಲಿ ನಾನು ನನ್ನ ಬೀದಿಯನ್ನು ನೋಡಿರಲಿಲ್ಲ. ನೋಡಿದರೆ ನಿಜವಾಗಿಯೂ ಯಾರೂ ಇಲ್ಲ! ಕೆಂಪು ಮಣ್ಣಿನ ರಸ್ತೆ, ಮುಚ್ಚಿದ ಬಾಗಿಲುಗಳು, ಕಾಂಪೌಂಡಿನ ನೆರಳಲ್ಲಿ ಮಲಗಿದ ಒಂದು ನಾಯಿ. ಇನ್ಸ್‌ಪೆಕ್ಟರು ಮುಖ ಒರೆಸಿಕೊಂಡರು. ರಾಯರು ಗೆದ್ದ ದನಿಯಲ್ಲಿ “ನೋಡಿದ್ರಾ ಸ್ವಾಮಿ? ನಾನು ಮೊದಲೇ ಹೇಳಿದ್ನಲ್ಲ” ಎಂದರು. ನನ್ನ ಮಾತು ನಿಜವಾದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಜಾನಕಿ ಎಲ್ಲಿ ಹೋದಳೆಂದು ನಾನು ಬೀದಿಯ ಎರಡೂ ತುದಿಗಳನ್ನು ನೋಡುತ್ತಿದ್ದೆ. ಸಾಕಷ್ಟು ಹೊತ್ತು ಕಾದು ಇನ್ಸ್‌ಪೆಕ್ಟರು ಸೈಕಲ್ಲಿನ ಸ್ಟ್ಯಾಂಡು ತೆಗೆದರು.

ಆಗ ಬಸವನಗುಡಿಯ ಕಡೆಯಿಂದ, ರಸ್ತೆಯ ಏರಿನಲ್ಲಿ, ಒಂದೊಂದಾಗಿ ಸೀರೆಯ ಬಣ್ಣಗಳು ಕಾಣಿಸಿಕೊಂಡವು. ಹತ್ತಿರ ಬಂದಂತೆ ಉಟ್ಟವರೂ ಕಂಡರು. ಒಬ್ಬಳ ಕೈಯಲ್ಲಿ ತರಕಾರಿಯ ಚೀಲ, ಒಬ್ಬಳ ತಲೆಯ ಮೇಲೆ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟಿನ ಡಬ್ಬ, ಪದ್ಮಳ ಸೊಂಟದ ಮೇಲೆ ಮಗು. ಎಲ್ಲರ ಮುಖವೂ ಬಿಸಿಲಿಗೆ ಕೆಂಪೇರಿತ್ತು. ಎಲ್ಲರಿಗಿಂತ ಹಿಂದೆ ನಮ್ಮ ಜಾನಕಿ, ಅವಳ ತೋಳು ಹಿಡಿದು ಒಬ್ಬ ವಯಸ್ಸಾದ ಹೆಂಗಸು. ಆಕೆಯ ಒಂದು ಕಣ್ಣಿನ ಮೇಲೆ ಬಿಳಿಯ ಪಟ್ಟಿ ಇತ್ತು.

ರಾಯರು ಕುರ್ಚಿಯಿಂದ ಎದ್ದುಬಿಟ್ಟರು. “ಸುಬ್ಬೂ!” ಎಂದರು. ಆ ಹೆಂಗಸು ಅವರ ಹೆಂಡತಿ ಸುಬ್ಬಮ್ಮನವರು. “ನೀನೆಲ್ಲಿಗೆ ಹೋಗಿದ್ದೆ? ಒಳಗೆ ಅಡುಗೆಮನೇಲಿದೀಯ ಅಂದ್ಕೊಂಡಿದ್ನಲ್ಲ!”

“ಕಣ್ಣಿನ ಡಾಕ್ಟರ ಹತ್ರ” ಎಂದರು ಸುಬ್ಬಮ್ಮ, ಏದುಸಿರು ಬಿಡುತ್ತ. “ಔಷಧಿ ಹಾಕಿಸಿಕೊಳ್ಳೋಕೆ ದಿನಾ ಬನ್ನಿ ಅಂದಿದಾರೆ. ಜಾನಕಿ ಕರ್ಕೊಂಡು ಹೋಗ್ತಾಳೆ.”

“ದಿನಾನಾ? ನಡ್ಕೊಂಡಾ? ಮನೇಲಿ ಈ ಪಟ್ಟಿ ನಾನು ನೋಡೇ ಇಲ್ವಲ್ಲ?”

“ನಿಮಗೆ ನಿದ್ದೆ ಬಂದಿರುತ್ತೆ. ನೀವು ಏಳೋಷ್ಟರಲ್ಲಿ ಬಂದು, ಪಟ್ಟಿ ತೆಗೆದು, ಕಾಫಿ ಬೆರೆಸ್ತೀನಿ” ಎಂದು ಆಕೆ ಸಮಾಧಾನ ಹೇಳಿದರು, ತಪ್ಪು ತಮ್ಮದೇ ಎನ್ನುವ ಹಾಗೆ.

ಅಮಲ್ದಾರರಾಗಿದ್ದಾಗ ಎಂಥೆಂಥ ತಕರಾರುಗಳನ್ನು ಒಂದೇ ಮಾತಿನಲ್ಲಿ ತೀರಿಸಿದೆನೆಂದು ರಾಯರು ನಮಗೆ ಹೇಳದ ಭಾನುವಾರವಿರಲಿಲ್ಲ. ಆ ದಿನ ಮಾತ್ರ ಹೆಂಡತಿಯ ಕಣ್ಣಿನ ಪಟ್ಟಿಯನ್ನೇ ನೋಡುತ್ತ ನಿಂತರು. ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿ, ನಾನು ಹಿಂದೆಂದೂ ಕೇಳಿರದ ಮೆಲುದನಿಯಲ್ಲಿ, “ಸ್ವಾಮಿ, ಹನ್ನೊಂದು ಗಂಟೆಗೇ ಹಾಕಿ” ಎಂದರು. ಕೊಡೆಯನ್ನು ಬಿಚ್ಚಿ ಸುಬ್ಬಮ್ಮನವರ ತಲೆಯ ಮೇಲೆ ಹಿಡಿದು, ತಾವು ಬಿಸಿಲಲ್ಲೇ ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಮನೆಗೆ ಹೊರಟರು. ಗಂಡ ಹೀಗೆ ಬೀದಿಯಲ್ಲಿ ಕೊಡೆ ಹಿಡಿದದ್ದಕ್ಕೆ ಸುಬ್ಬಮ್ಮನವರು ನಾಚಿ, “ಬಿಡಿ, ಜನ ನೋಡ್ತಾರೆ” ಎನ್ನುತ್ತಿದ್ದುದು ನಮಗೆಲ್ಲ ಕೇಳಿಸಿತು.

ಬಸ್ಸು ಬಂತು. ಮೊದಲ ವಾರದಲ್ಲೇ ತುಂಬಿ ಹೋಯಿತು. ಸುಬ್ಬಮ್ಮನವರ ಕಣ್ಣು ವಾಸಿಯಾಗುವವರೆಗೆ ರಾಯರು ತಾವೇ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಬರುವಾಗ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದರೆಂದು ಜಾನಕಿ ಹೇಳುತ್ತಿದ್ದಳು. ಅಭ್ಯಾಸ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಇನ್ನು ಹೆಂಗಸರನ್ನೂ ಸಂಘದ ಸದಸ್ಯರಾಗಿ ಮಾಡಿಕೊಳ್ಳಬೇಕೆಂಬ ಸೂಚನೆಯನ್ನು ಸ್ವತಃ ಅಧ್ಯಕ್ಷರೇ ಮಂಡಿಸಿದರು. ಯಾರೂ ವಿರೋಧಿಸಲಿಲ್ಲ. ಸ್ತ್ರೀ ಸಮಾನತೆಯ ಬಗ್ಗೆ ಕೆಲವರು ಬಹಳ ಚೆನ್ನಾಗಿ ಮಾತಾಡಿದರು. ಕೊನೆಗೆ ಒಬ್ಬರು ಎದ್ದು, ಅವರೆಲ್ಲ ಬಂದು ಹಜಾರದಲ್ಲಿ ಕೂತರೆ ಕಾಫಿ ಯಾರು ಮಾಡುತ್ತಾರೆ ಎಂದು ಕೇಳಿದರು. ಸಭೆ ಗಂಭೀರವಾಯಿತು. ಈ ಜಟಿಲ ಪ್ರಶ್ನೆಯನ್ನು ಪರಿಶೀಲಿಸಲು ಒಂದು ಉಪಸಮಿತಿ ನೇಮಿಸಿ, ಅದಕ್ಕೆ ನನ್ನೊಬ್ಬನನ್ನೇ ಹಾಕಿದರು. ಮುಂದಿನ ಭಾನುವಾರ ಹಜಾರದ ಒಂದು ಬದಿಯಲ್ಲಿ ಜಾನಕಿ, ಪದ್ಮ, ಸುಬ್ಬಮ್ಮನವರು ಕೂತು ಬೀದಿದೀಪದ ವಿಷಯ ಇತ್ಯರ್ಥ ಮಾಡುತ್ತಿರುವಾಗ ಉಪಸಮಿತಿ ಅಡುಗೆಮನೆಯಲ್ಲಿ ಡಿಕಾಕ್ಷನ್ನು ಇಳಿಯುವುದನ್ನೇ ಕಾಯುತ್ತಿತ್ತು. ನನ್ನ ಕಾಫಿ ಕುಡಿದ ಮೇಲೆ ನಮ್ಮ ಸಭೆಗಳು ಬೇಗ ಬೇಗ ಮುಗಿಯತೊಡಗಿದವು. ಇದೂ ಒಂದು ಸುಧಾರಣೆಯೇ.

ಹೀಗಿರಲು ಒಂದು ದಿನ ಕಚೇರಿಗೆ ರಜೆ ಬಂತು. “ಬನ್ನಿ, ಮಾರ್ಕೆಟ್ಟಿಗೆ ಹೋಗಿಬರೋಣ” ಎಂದು ಜಾನಕಿ ನನ್ನನ್ನೂ ಹೊರಡಿಸಿದಳು. ಬಸ್ಸು ಹತ್ತಿ, ಖಾಲಿ ಸೀಟು ಕಂಡು ಕೂತೆ. ಕಂಡಕ್ಟರು ಬಂದು, “ಏಳಿ ಸಾರ್, ಅಮ್ಮೋರು ಕೂತ್ಕೋಬೇಕು” ಎಂದ. ಎದ್ದು ಇನ್ನೊಂದು ಸೀಟಿಗೆ ಹೋದೆ. ಅಲ್ಲಿಗೆ ಹಿಟ್ಟಿನ ಡಬ್ಬದವಳು ಬಂದಳು. ಬಸ್ಸಿನ ತುಂಬ ಹೆಂಗಸರ ಮಾತು, ನಗು, ಮಕ್ಕಳ ಗದ್ದಲ. ಯಾರ ಮನೆಯ ವಿಷಯ ಯಾರಿಗೆ ಗೊತ್ತಿಲ್ಲವೆಂಬುದೇ ಇಲ್ಲ. ನನ್ನ ಕಾಫಿಯ ವಿಷಯವೂ ಗೊತ್ತಿತ್ತೆಂದು ಅವರ ನೋಟದಿಂದ ತಿಳಿಯಿತು. ನಾನು ಮೇಲಿನ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಖಾಲಿ ಚೀಲಗಳನ್ನು ಹಿಡಿದು ತೂಗಾಡುತ್ತ ನಿಂತೆ. ಜಾನಕಿಯ ಪಕ್ಕ ಕೂತಿದ್ದ, ಬಡಾವಣೆಗೆ ಹೊಸದಾಗಿ ಬಂದ ಒಬ್ಬಾಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇವರ್ಯಾರು?” ಎಂದು ಕೇಳಿದಳು.

“ನಮ್ಮನೆಯವರು” ಎಂದಳು ಜಾನಕಿ. “ಇವತ್ತು ರಜ. ಮನೇಲಿ ಒಬ್ರೇ ಕೂತು ಬೇಜಾರು ಮಾಡ್ಕೋತಾರೆ, ಪಾಪ. ನಾಲ್ಕು ಜನರ ಮುಖ ನೋಡ್ಲಿ ಅಂತ ಕರ್ಕೊಂಡು ಬಂದೆ.”

“ಒಳ್ಳೇದು ಮಾಡಿದ್ರಿ” ಎಂದಳು ಆಕೆ, ನನ್ನ ಕಡೆ ಮರುಕದಿಂದ ನೋಡಿ. “ತೊಂದರೆ ಏನೂ ಕೊಡೋಲ್ಲ ತಾನೆ?”

“ಇಲ್ಲ, ಇಲ್ಲ. ಹೇಳಿದ ಕಡೆ ನಿಂತಿರ್ತಾರೆ.”

ಮಾರ್ಕೆಟ್ಟು ಬರುವವರೆಗೂ ನಾನು ಹಾಗೆಯೇ ನಿಂತಿದ್ದೆ.